ಎಡಗೈಯ ಗೆರೆ

2023ರ ಅಕ್ಟೋಬರ್ ತಿಂಗಳು. ಬೆಳ್ಳಟ್ಟಿಯ ಚಹಾದಂಗಡಿಯಲ್ಲಿ ಕೂತು, ಮಳೆ ಕೈಕೊಟ್ಟು ಒಣಗಿದ ಮೆಕ್ಕೆಜೋಳದ ಸುದ್ದಿಯನ್ನು ಫೋನಿನಲ್ಲೇ ಟೈಪ್ ಮಾಡುತ್ತಿದ್ದೆವು. ನಾವು ಓದಿದ ಹೈಸ್ಕೂಲಿನ ಹೆಡ್ ಮಾಸ್ತರರ ಫೋನ್ ಬಂತು.

“ಏನಪಾ ರಿಪೋರ್ಟರ, ನೀ ತಗದ ಭುವನೇಶ್ವರಿ ಚಿತ್ರ ನೆನಪೈತೇನು? ಗೆದ್ದಲ ಹತ್ತೈತಿ. ಬಂದು ನೋಡು.”

ನಾವು ಅಂದರೆ ಒಬ್ಬರೇ. ಹತ್ತು ವರ್ಷ ಜಿಲ್ಲೆಯ ಸುದ್ದಿ ಕಳಿಸಿ ಕಳಿಸಿ ‘ನಾನು’ ಎಂದು ಬರೆಯುವುದು ಕೈಗೆ ಬರುವುದಿಲ್ಲ. ಓದುವವರು ಸುಧಾರಿಸಿಕೊಳ್ಳಬೇಕು.

ಆ ಚಿತ್ರ ನೆನಪಿಲ್ಲದೆ ಏನು. 2006ರಲ್ಲಿ ಕರ್ನಾಟಕ ಏಕೀಕರಣಕ್ಕೆ 50 ತುಂಬಿದಾಗ ಊರೂರಿನಲ್ಲಿ ಸುವರ್ಣ ಕರ್ನಾಟಕದ ಸಡಗರ. ನಾವು ಆಗ ಹತ್ತನೇ ಇಯತ್ತೆ. ಚಿತ್ರಕಲಾ ಸ್ಪರ್ಧೆಯಲ್ಲಿ ನಮ್ಮ ಭುವನೇಶ್ವರಿಗೆ ಮೊದಲ ಬಹುಮಾನ ಬಂತು. ಒಂದು ಸ್ಟೀಲ್ ತಟ್ಟೆ, ಒಂದು ಪ್ರಮಾಣಪತ್ರ. ತಟ್ಟೆಯಲ್ಲಿ ಅವ್ವ ಇವತ್ತಿಗೂ ಉಪ್ಪಿಟ್ಟು ಹಾಕಿ ಕೊಡುತ್ತಾಳೆ. ಚಿತ್ರ ಮಾತ್ರ ಹೈಸ್ಕೂಲಿನ ಆಫೀಸ್ ಕೋಣೆಯ ಗೋಡೆಯಲ್ಲೇ 17 ವರ್ಷ ನೇತಾಡುತ್ತಿತ್ತು.

ಹೆಡ್ ಮಾಸ್ತರರ ಬೇಡಿಕೆ ಸರಳವಾಗಿತ್ತು. ಈ ಸಲ ರಾಜ್ಯಕ್ಕೆ ‘ಕರ್ನಾಟಕ’ ಎಂದು ಹೆಸರಿಟ್ಟು 50 ವರ್ಷ. 1956ರಲ್ಲಿ ನಾಡು ಒಂದಾದರೂ ಹೆಸರು ಮೈಸೂರು ರಾಜ್ಯ ಎಂದೇ ಇತ್ತು; 1973ರ ನವೆಂಬರ್ 1ಕ್ಕೆ ಕರ್ನಾಟಕವಾಯಿತು. ಆ ನೆನಪಿಗೆ ಹಳೆಯ ಚಿತ್ರವನ್ನೇ ಪ್ರಾರ್ಥನೆ ಮಾಡುವ ಅಂಗಳದ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಕೊಡಬೇಕು. ಬಣ್ಣದ ಖರ್ಚು ಹಳೆಯ ವಿದ್ಯಾರ್ಥಿಗಳದ್ದು, ಕೈ ನಮ್ಮದು.

ಎರಡು ಮಾತಿಲ್ಲದೆ ಒಪ್ಪಿದೆವು.

ಗೊಬ್ಬರದ ಚೀಲ ಮತ್ತು ಒಂದು ಕೈ

ಚೌಕಟ್ಟು ಬಿಚ್ಚಿ ಹಾಳೆಯನ್ನು ಮನೆಗೆ ತಂದು ನೋಡಿದಾಗ ಮೊದಲು ಬಂದದ್ದು ನಗು. 15 ಇಂಚು ಅಗಲ, 22 ಇಂಚು ಎತ್ತರದ ಡ್ರಾಯಿಂಗ್ ಶೀಟ್. ಕೆಳಗಿನ ಮೂಲೆಯನ್ನು ಗೆದ್ದಲು ತಿಂದಿತ್ತು. ಧ್ವಜದ ಕೆಂಪು ಮಾಸಿ ಇಟ್ಟಂಗಿಯ ಬಣ್ಣಕ್ಕೆ ಬಂದಿತ್ತು, ಹಳದಿ ಮಾತ್ರ ಹಾಗೇ ಉಳಿದಿತ್ತು.

ದೇವಿಗೆ ಕುತ್ತಿಗೆಯೇ ಇಲ್ಲ. ಒಂದು ಕಣ್ಣು ಶಿರಹಟ್ಟಿ ಕಡೆ, ಇನ್ನೊಂದು ಮುಂಡರಗಿ ಕಡೆ. ಕೂತಿದ್ದಾಳೆ ಎಂದು ಸೀರೆಯ ಅಂಚು ಹೇಳಬೇಕು. ಸೀರೆಯೊಳಗೆ ಮೊಣಕಾಲು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಗೊಬ್ಬರದ ಚೀಲಕ್ಕೆ ಜರಿ ಅಂಚು ಹಚ್ಚಿದ ಹಾಗೆ.

ಆದರೆ ಬಲಗೈ! ಅಭಯ ಕೊಡಲು ಎತ್ತಿದ ಆ ಕೈ ಬೇರೆಯೇ ಆಗಿತ್ತು. ಅಂಗೈಯ ಉಬ್ಬು, ಹೆಬ್ಬೆರಳಿನ ಬುಡದ ದಪ್ಪ, ಕಿರುಬೆರಳು ಸ್ವಲ್ಪ ಒಳಗೆ ಬಾಗಿದ ರೀತಿ. ಬಹುಮಾನ ಬಂದದ್ದು ಆ ಕೈಗೇ. “ಹುಡುಗ ಕೈ ಹೆಂಗ ತಗದಾನ ನೋಡ್ರಿ” ಎಂದು ಅಂದು ಪರೀಕ್ಷಕರು ಆಡಿದ ಮಾತು ನಮಗೆ ಬಾಯಿಪಾಠ. ಡಿಪ್ಲೊಮಾಕ್ಕೆ ಅರ್ಜಿ ಹಾಕುವಾಗ ಹವ್ಯಾಸದ ಜಾಗದಲ್ಲಿ ‘ಚಿತ್ರಕಲೆ, ಬಹುಮಾನ ವಿಜೇತ’ ಎಂದು ಬರೆದಿದ್ದೆವು. ಮದುವೆಗೆ ಕನ್ಯೆ ನೋಡಲು ಹೋದಾಗಲೂ ಈ ಮಾತು ಬಂದಿತ್ತು.

ಗದಗಿನಲ್ಲಿ ಹುಟ್ಟಿದ ರೂಪ

ನಾವು ಆ ಚಿತ್ರವನ್ನು ಬರೆದದ್ದು ಕ್ಯಾಲೆಂಡರ್ ನೋಡಿ. ಕ್ಯಾಲೆಂಡರಿನವರು ಎಲ್ಲಿಂದ ತಂದರು? ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿದ ಮೇಲೆ ಸೀರೆ ಉಟ್ಟ ದೇವಿಯರ ಬಣ್ಣದ ಪಟಗಳು ಬಡವರ ಮನೆಯ ಜಗಲಿಗೂ ಬಂದವು. ಲಕ್ಷ್ಮಿ, ಸರಸ್ವತಿಯ ಆ ರೂಪವೇ ನಮ್ಮ ಕಣ್ಣಿಗೆ ರೂಢಿಯಾಯಿತು. ಭುವನೇಶ್ವರಿಗೆ ಹಂಪಿಯ ವಿರೂಪಾಕ್ಷ ಗುಡಿಯೊಳಗೆ ಸನ್ನಿಧಿ ಇದೆ. ಆದರೆ ಕನ್ನಡ ನಾಡಿನ ತಾಯಿಯಾಗಿ ಆಕೆಗೆ ಒಂದು ಪಟ ಬೇಕು ಎಂಬ ಹಂಬಲ ನಮ್ಮ ಜಿಲ್ಲೆಯದು.

ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಏಕೀಕರಣಕ್ಕಾಗಿ ಮುಂಬೈ ವಿಧಾನಸಭೆಯಲ್ಲಿ ದನಿ ಎತ್ತಿದವರು. 1953ರಲ್ಲಿ ಅವರು ಕಲಾವಿದ ಸಿ.ಎನ್. ಪಾಟೀಲರಿಂದ ಭುವನೇಶ್ವರಿಯ ಚಿತ್ರ ಬರೆಸಿದರು. ಆಗ ನಾಡು ಹರಿದು ಹಂಚಿಹೋಗಿತ್ತು. ಗದಗ ಮುಂಬೈ ರಾಜ್ಯದಲ್ಲಿ, ಕಲಬುರ್ಗಿ ಹೈದರಾಬಾದಿನಲ್ಲಿ. ಅದಕ್ಕೆ ಕೆಲವೇ ವರ್ಷ ಮೊದಲು ನಮ್ಮ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಪಕ್ಕದ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಇಲ್ಲದ ನಾಡಿಗೆ ಮೊದಲು ಒಂದು ಮುಖ ಬರೆಸಿದರು. ನಾಡು ಮೂರು ವರ್ಷದ ಮೇಲೆ ಬಂತು.

2023ರಲ್ಲಿ ಆ ರೂಪವನ್ನು ಮತ್ತೆ ಬರೆಯುವ ಮಾತು ಬಂತು. ನಾಡದೇವಿಯ ಚಿತ್ರ ಎಲ್ಲೆಡೆ ಒಂದೇ ಇರಲಿ ಎಂದು ಸರ್ಕಾರ ಸಮಿತಿ ಮಾಡಿತು. ಸಮಿತಿ ಕಲಾವಿದ ಕೆ. ಸೋಮಶೇಖರ ಅವರ ಹೊಸ ಚಿತ್ರವನ್ನು ಆರಿಸಿತು. ಗದಗಿನಲ್ಲಿ ಅಸಮಾಧಾನ ಎದ್ದಿತು. 1953ರಲ್ಲೇ ನಮ್ಮಲ್ಲಿ ಬರೆದ ಚಿತ್ರ ಇರುವಾಗ ಇನ್ನೊಂದು ಯಾಕೆ ಎಂಬುದು ಇಲ್ಲಿಯವರ ಪ್ರಶ್ನೆ. ಆ ಸುದ್ದಿಯನ್ನು ನಾವೂ ಕಳಿಸಿದ್ದೆವು. ಹೊಸ ಚಿತ್ರ ಚಂದವಿಲ್ಲ ಎಂದು ಯಾರೂ ನಮಗೆ ಹೇಳಲಿಲ್ಲ. “ಮೊದಲ ಬರದವರ ಹೆಸರು ಮುಚ್ಚಿ ಹೋಗಬಾರದು” ಎಂದಷ್ಟೇ ಹೇಳಿದರು. ಸುದ್ದಿ ಕಳಿಸಿ ಮರೆತೆವು. ಆ ಮಾತು ನಮ್ಮ ಮನೆ ಬಾಗಿಲಿಗೇ ಬರುತ್ತದೆ ಎಂದು ಆಗ ಅನಿಸಿರಲಿಲ್ಲ.

ಮೊದಲು ಫೋನ್

ಹಳೆಯ ಚಿತ್ರವನ್ನು ಹೊಸದಾಗಿ ಬರೆಯುವುದು ಹೇಗೆ? ಈಗ ಎಲ್ಲದಕ್ಕೂ ಫೋನ್ ಇದೆಯಲ್ಲ, ಅದರಿಂದಲೇ ಶುರು ಮಾಡಿದೆವು.

ಹಾಳೆಯನ್ನು ಪಡಸಾಲೆಯ ನೆರಳಿನಲ್ಲಿ ನೆಲಕ್ಕೆ ಹಾಸಿ, ಮೇಲಿಂದ ನೇರವಾಗಿ ಫೋಟೊ ತೆಗೆದೆವು. ಫೋನ್ ಓರೆಯಾದರೆ ದೇವಿಯೂ ಓರೆಯಾಗುತ್ತಾಳೆ. ಐಬಿಸ್ ಪೇಂಟ್ ಎಂಬ ಆ್ಯಪ್‌ನಲ್ಲಿ ಆ ಫೋಟೊವನ್ನು ಮಬ್ಬು ಮಾಡಿ ಕೆಳಗಿಟ್ಟು, ಅದರ ಮೇಲೆ ಲೇಯರ್ ಎಂಬ ಪಾರದರ್ಶಕ ಪದರ ಹಾಕಿ ಬೆರಳಿನಿಂದ ಗೆರೆ ಎಳೆದೆವು. ಹಿಂದೆ ಗಾಜಿನ ಕೆಳಗೆ ದೀಪ ಇಟ್ಟು ನಕಲು ತೆಗೆಯುತ್ತಿದ್ದರಲ್ಲ, ಅದೇ ಕೆಲಸ. ತಪ್ಪಿದರೆ ಅಳಿಸಲು ರಬ್ಬರ್ ಬೇಡ, ಹಾಳೆ ಸವೆಯುವುದಿಲ್ಲ.

ಎರಡು ರಾತ್ರಿ ಕೂತೆವು. ಮುಖದ ಎಡಭಾಗ ಬರೆದರೆ ಬಲಭಾಗ ತಾನೇ ಬರುತ್ತದೆ. ಗೆರೆ ನಡುಗಿದರೆ ಫೋನೇ ನೇರ ಮಾಡುತ್ತದೆ. ಕೆನ್ನೆಗೆ ಹೊಳಪು, ಕಿರೀಟಕ್ಕೆ ಮಿಂಚು. ಮುಗಿಸಿ ಅಣ್ಣನ ಮಗಳಿಗೆ ತೋರಿಸಿದೆವು. ಆರನೇ ಇಯತ್ತೆ ಹುಡುಗಿ, ಮುಲಾಜಿಲ್ಲ.

“ಕಾಕಾ, ಈಕಿ ಬಂಗಾರದ ಅಂಗಡಿ ಬೋರ್ಡಿನ್ಯಾಗ ಇರ್ತಾಳಲ್ಲ, ಅಕ್ಕ, ಹಂಗದಾಳ.”

ಸರಿಯಾಗಿಯೇ ಹೇಳಿದ್ದಳು. ಎರಡೂ ಕೆನ್ನೆ ಒಂದೇ ಅಳತೆ, ಎರಡೂ ಹುಬ್ಬು ಒಂದೇ ಅಚ್ಚು. ನಮ್ಮೂರಿನಲ್ಲಿ ಅಂಥ ಮುಖ ಯಾರಿಗೂ ಇಲ್ಲ.

ತಿರುಗಿಸಿ ನೋಡಿದಾಗ

ಗೆರೆ ಎಳೆಯುವುದನ್ನು ಬಿಟ್ಟು ಹಳೆಯ ಚಿತ್ರದಲ್ಲಿ ತಪ್ಪು ಎಲ್ಲಿದೆ ಎಂದು ಮೊದಲು ಹುಡುಕೋಣ ಎಂದುಕೊಂಡೆವು.

ಒಂದು, ಅಳತೆ. ನಮ್ಮ ಶಿಲ್ಪಿಗಳಿಗೆ ತಾಲಮಾನ ಎಂಬ ಲೆಕ್ಕ ಇದೆ. ಹಣೆಯ ಕೂದಲಿನಿಂದ ಗದ್ದದ ತನಕ ಒಂದು ತಾಲ, ಅಂದರೆ 12 ಅಂಗುಲ. ನವತಾಲದ ಮೂರ್ತಿ ನಿಂತರೆ 9 ತಾಲ, 108 ಅಂಗುಲ. ಮಣಿಕಟ್ಟಿನಿಂದ ನಡುಬೆರಳಿನ ತುದಿಗೂ ಒಂದೇ ತಾಲ. ಬೇಕಾದರೆ ಈಗಲೇ ಅಂಗೈಯ ಬುಡವನ್ನು ಗದ್ದಕ್ಕೆ ಹಚ್ಚಿ ಮುಖ ಮುಚ್ಚಿಕೊಳ್ಳಿ. ನಡುಬೆರಳು ಹಣೆಯ ಕೂದಲಿನ ಹತ್ತಿರ ಬರುತ್ತದೆ. ನಮ್ಮ ಚಿತ್ರದಲ್ಲಿ ಮುಖ 9 ಸೆಂಟಿಮೀಟರ್, ಕೈ 6. ಮೈಗೆ ಕೈ ಹೊಂದುತ್ತಿತ್ತು, ಮುಖವೇ ಹೊಂದುತ್ತಿರಲಿಲ್ಲ. ಎಲ್ಲ ಅಳತೆ ತಪ್ಪಿದ ಹುಡುಗನಿಗೆ ಕೈಯ ಅಳತೆ ಒಂದೇ ಹೇಗೆ ಸರಿಯಾಯಿತು?

ಎರಡು, ಕನ್ನಡಿ. ಚಿತ್ರವನ್ನು ಎಡಬಲ ತಿರುಗಿಸಿ ನೋಡಿದರೆ ರೂಢಿಯಾದ ಕಣ್ಣಿಗೂ ಸೊಟ್ಟ ಕಾಣುತ್ತದೆ. ಹಿಂದೆ ಕಲಾವಿದರು ಕನ್ನಡಿ ಹಿಡಿಯುತ್ತಿದ್ದರು, ಈಗ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು. ಬಣ್ಣದ ಕೆಳಗಿನ ಪೆನ್ಸಿಲ್ ಗೆರೆ ಕಾಣಲೆಂದು ಫೋಟೊದ ಕಪ್ಪನ್ನು ಗಾಢ ಮಾಡಿ, ತಿರುಗಿಸಿ ನೋಡಿದೆವು.

ಸೀರೆ, ಮುಖ, ಕಿರೀಟದ ನೆರಳಿನ ಗೆರೆಗಳೆಲ್ಲ ನಮಗೆ ಅಪರಿಚಿತವಾಗಿ, ವಿರುದ್ಧ ದಿಕ್ಕಿಗೆ ಓರೆಯಾಗಿ ಕಂಡವು. ತಿರುಗಿಸಿದ್ದೇವಲ್ಲ, ಹಾಗೆ ಕಾಣಬೇಕಾದದ್ದೇ. ಕೈಯ ಗೆರೆಗಳು ಮಾತ್ರ ನಾವು ದಿನಾ ಎಳೆಯುವ ದಿಕ್ಕಿನಲ್ಲೇ ಇದ್ದವು. ಅಂದರೆ ಹಾಳೆಯ ಮೇಲೆ ಅವು ವಿರುದ್ಧ ಇವೆ.

ಬಲಗೈಯವರು ನೆರಳು ತುಂಬುವಾಗ ಗೆರೆ ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಓರೆಯಾಗುವುದು ಸಹಜ. ಎಡಗೈಯವರದು ತಿರುವುಮುರುವು. ಇಟಲಿಯ ಲಿಯೊನಾರ್ಡೊ ಡ ವಿಂಚಿಯ ಚಿತ್ರಗಳನ್ನು ಗುರುತಿಸುವಾಗ ಪಂಡಿತರು ನೋಡುವ ಗುರುತುಗಳಲ್ಲಿ ಇದೂ ಒಂದು, ಆತ ಎಡಚ. ನಾವು ಎಡಚರಲ್ಲ.

ನಮ್ಮ ಚಿತ್ರಕಲಾ ಮಾಸ್ತರರು ಎಡಚರು.

ಫೋನ್ ಕೆಳಗಿಟ್ಟೆವು. 17 ವರ್ಷ ನೆನಪಿಗೆ ಬಾರದ ಮಧ್ಯಾಹ್ನವೊಂದು ಆಗ ನೆನಪಾಯಿತು. ಸ್ಪರ್ಧೆಗೆ ಹಾಳೆ ಕಳಿಸುವ ಮುನ್ನಾ ದಿನ. ನಮ್ಮ ದೇವಿಯ ಕೈ ಬದನೆಕಾಯಿ ಗೊಂಚಲಿನಂತಿತ್ತು. ಅಳಿಸಿ ಅಳಿಸಿ ಹಾಳೆ ಮೇಲೆದ್ದಿತ್ತು. ಊಟದ ಬಿಡುವಿನಲ್ಲಿ ಮಾಸ್ತರರು ಪಕ್ಕಕ್ಕೆ ಬಂದು ಕೂತರು. “ಕೈ ಅಂದ್ರ ಐದು ಬೆರಳಲ್ಲೋ, ಮೊದಲ ಒಂದು ಅಂಗೈ” ಎಂದು ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಹತ್ತು ನಿಮಿಷದಲ್ಲಿ ಬರೆದು, ಬುತ್ತಿ ತಿನ್ನಲು ಎದ್ದು ಹೋದರು. ನಾವು ಅದರ ಮೇಲೆ ಬಣ್ಣ ಹಚ್ಚಿದೆವು.

ಮರೆತಿದ್ದೆವೋ, ಮರೆಯಲು ಬಿಟ್ಟಿದ್ದೆವೋ, ಈಗ ಹೇಳುವುದು ಕಷ್ಟ. ಮೊದಲ ವರ್ಷ ಗೊತ್ತಿದ್ದು ಸುಮ್ಮನಿದ್ದೆವು ಅನಿಸುತ್ತದೆ. ಆಮೇಲೆ ಹೇಳಿ ಹೇಳಿ ನಮಗೇ ನಿಜವಾಯಿತು.

ನಾಚಿಕೆಗೆ ಇನ್ನೊಂದು ಕಾರಣವೂ ಇತ್ತು. ನಮ್ಮಂಥ ಬಿಡಿ ವರದಿಗಾರರ ಗೋಳು ನಿಮಗೆ ಗೊತ್ತಿರಬಹುದು. ಬಿಸಿಲಿನಲ್ಲಿ ತಿರುಗಿ ತಂದ ಸುದ್ದಿ ಎಷ್ಟೋ ಸಲ ಹೆಸರಿಲ್ಲದೆ ಬರುತ್ತದೆ, ಒಮ್ಮೊಮ್ಮೆ ಬೇರೆಯವರ ಹೆಸರಿನಲ್ಲಿ ಬರುತ್ತದೆ. ಮಾಗಡಿ ಕೆರೆಗೆ ಹೊರದೇಶದ ಹಕ್ಕಿ ಬಂದ ಸುದ್ದಿಗಾಗಿ ಒಂದು ಸಲ ಮೂರು ದಿನ ಕೆರೆ ದಂಡೆಯಲ್ಲಿ ಕೂತಿದ್ದೆವು. ಅಚ್ಚಾದಾಗ ಹೆಸರು ನಮ್ಮದಿರಲಿಲ್ಲ. ಆ ಸಿಟ್ಟನ್ನು ಚಹಾದಂಗಡಿಯಲ್ಲಿ ಎಷ್ಟು ಸಲ ಆಡಿಕೊಂಡಿದ್ದೇವೆ! ಇತ್ತ ಹೈಸ್ಕೂಲಿನ ಗೋಡೆಯ ಮೇಲೆ ಇನ್ನೊಬ್ಬರ ಕೈ ನಮ್ಮ ಹೆಸರಿನಲ್ಲಿ ನೇತಾಡುತ್ತಿತ್ತು.

ಮಾಸ್ತರರ ಹತ್ತಿರ

ಮಾಸ್ತರರು ನಿವೃತ್ತರಾಗಿ ತಮ್ಮ ಊರು ಸೇರಿದ್ದಾರೆ. ಹಾಳೆಯನ್ನು ಸುರುಳಿ ಸುತ್ತಿ, ಬೈಕಿಗೆ ಕಟ್ಟಿಕೊಂಡು ಹೋದೆವು. ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ಕಣ್ಣು ಚೆನ್ನಾಗಿದೆ. ಕೈ ನಡುಗುತ್ತದೆ.

ಹಾಳೆ ಹಾಸಿದೆವು. ಬಹಳ ಹೊತ್ತು ನೋಡಿದರು.

“ಕೈ ಚಲೋ ಐತಿ. ಯಾರ ತಗದಿದ್ದು?”

“ನೀವರೀ ಸರ.”

“ನಾನಾ?” ಮತ್ತೆ ನೋಡಿದರು. “ಇರಬಹುದು. ಎಷ್ಟ ಹುಡುಗರ ಹಾಳಿ ಮ್ಯಾಲ ಎಷ್ಟ ಕೈ ತಗದೀನೋ ಯಾರಿಗೆ ನೆನಪೈತಿ.”

ನಾವು ತಪ್ಪೊಪ್ಪಿಗೆಗೆ ತಯಾರಾಗಿ ಹೋಗಿದ್ದೆವು. ಬಹುಮಾನದ ಮಾತು, ಅರ್ಜಿಯ ಮಾತು ಎಲ್ಲ ಹೇಳಿದೆವು. ಶೇಂಗಾ ಬಿಡಿಸುತ್ತಲೇ ಕೇಳಿದರು. ‘ಇರಲಿ ಬಿಡು’ ಎನ್ನಲಿಲ್ಲ, ಬೈಯಲೂ ಇಲ್ಲ.

“ಮತ್ತ ಈಗೇನ ಮಾಡ್ತಿ?”

“ಗೋಡಿಗೂ ಇದ ಕೈ ಏರಸ್ತೀನ್ರಿ. ಕೆಳಗ ನಿಮ್ಮ ಹೆಸರ ಹಾಕ್ತೀನಿ.”

“ಹಂಗ ಮಾಡಬ್ಯಾಡ,” ಎಂದರು. “ಹಾಳಿ ಮ್ಯಾಲಿನ ಕೈ ನಂದು, ಅಲ್ಲೇ ಇರಲಿ. ಗೋಡಿ ಮ್ಯಾಲ ನೀ ತಗಿ. ಅವತ್ತ ನಿನಗ ಕಲಿಸಾಕ ನನಗ ಪುರುಸೊತ್ತ ಇರಲಿಲ್ಲ, ತಗದ ಕೊಟ್ಟಬಿಟ್ಟೆ. ಅದು ನಂದೂ ತಪ್ಪು.”

ಆಮೇಲೆ ಕಲಿಸಿದರು, ಕಟ್ಟೆಯ ಮೇಲೆಯೇ. ಕ್ಯಾಲೆಂಡರ್ ನೋಡಬೇಡ, ಮನುಷ್ಯರ ಕೈ ನೋಡು. ಮೊದಲು ಅಂಗೈಯನ್ನು ರೊಟ್ಟಿ ಹಿಟ್ಟಿನ ಮುದ್ದೆ ಅಂದುಕೋ. ಹೆಬ್ಬೆರಳು ಪಕ್ಕದಿಂದ ಹೊರಡುತ್ತದೆ, ಉಳಿದ ನಾಲ್ಕು ಮೇಲಿಂದ. ಬೆರಳ ತುದಿಗಳು ನೇರ ಸಾಲಿನಲ್ಲಿ ನಿಲ್ಲುವುದಿಲ್ಲ, ಕಮಾನಿನಂತೆ ನಿಲ್ಲುತ್ತವೆ. ಎರಡು ಬೆರಳಿನ ನಡುವಿನ ಖಾಲಿ ಜಾಗವನ್ನು ಬರೆ, ಬೆರಳು ತಾನೇ ಬರುತ್ತದೆ.

ಹೊರಡುವಾಗ ಇನ್ನೊಂದು ಹೇಳಿದರು. “ಫೋನ್ ನೋಡಾಕ ಚಲೋ. ತಗಿಯಾಕ ಹುಣಸಿ ಕಡ್ಡಿ ಸುಟ್ಕೋ.”

ಹುಣಸೆ ಇದ್ದಲಿ, ನೀಲಿ ದಾರ

ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರು ಮೊದಲ ಗೆರೆಯನ್ನು ಹುಣಸೆ ಕಡ್ಡಿಯ ಇದ್ದಲಿನಿಂದಲೇ ಬರೆಯುತ್ತಿದ್ದರು. ಮಾಡುವುದು ಸುಲಭ. ಪೆನ್ಸಿಲ್ ದಪ್ಪದ ಒಣ ಕಡ್ಡಿಗಳ ಸಿಪ್ಪೆ ತೆಗೆದು ಹಳೆಯ ತಗಡಿನ ಡಬ್ಬಿಯಲ್ಲಿ ತುಂಬಿ, ಸಂದಿಗೆಲ್ಲ ಉಸುಕು ಹಾಕಿ, ಮುಚ್ಚಳಕ್ಕೆ ಒಂದು ಸಣ್ಣ ತೂತು ಬಿಟ್ಟು ಒಲೆಯ ಕೆಂಡದಲ್ಲಿ ಇಡಬೇಕು. ಗಾಳಿ ಸಿಗದೆ ಕಡ್ಡಿ ಉರಿಯುವುದಿಲ್ಲ, ಇದ್ದಲಾಗುತ್ತದೆ. ತೂತಿನಿಂದ ಹೊಗೆ ನಿಂತ ಮೇಲೆ ತೆಗೆದು, ಪೂರ್ತಿ ಆರಿದ ಮೇಲೆ ಬಿಚ್ಚಬೇಕು. ನಮ್ಮ ಮೊದಲ ಡಬ್ಬಿಯನ್ನು ಅವಸರ ಮಾಡಿ ಬಿಸಿಯಲ್ಲೇ ಬಿಚ್ಚಿದೆವು. ಗಾಳಿ ತಾಕಿ ಎಲ್ಲ ಬೂದಿಯಾಯಿತು. ಎರಡನೆಯದು ಸರಿ ಬಂತು. ಆ ಗೆರೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಎಷ್ಟು ಸಲ ಬೇಕಾದರೂ ತಪ್ಪಬಹುದು.

ಕೈಗೆ ವೈನಿಯನ್ನು ಕೂರಿಸಿದೆವು. ಹತ್ತಿ ಬಿಡಿಸುವ, ಕಳೆ ತೆಗೆಯುವ ಕೈ. ಅಭಯ ಕೊಡುವ ಹಾಗೆ ಎತ್ತಿ ಹಿಡಿ ಎಂದೆವು. ಐದು ನಿಮಿಷಕ್ಕೆ ಕೈ ಕೆಳಗಿಳಿಯಿತು.

“ಇನ್ನ ಎಷ್ಟೊತ್ತು ಹಿಡೀಬೇಕೋ? ಕೈ ಜೋಮು ಹಿಡದೈತಿ. ಪಾಪ, ಆಕಿ ದೇವಿ ಹೆಂಗ ಹಿಡಕೊಂಡ ಕುಂತಾಳೋ!”

ಮೊಣಕೈಗೆ ಒಂದು ದಿಂಬು ಕೊಟ್ಟೆವು. ನಾಲ್ಕು ಸಂಜೆ, ಹಳೆಯ ಪತ್ರಿಕೆಗಳ ಮೇಲೆ 30ಕ್ಕೂ ಹೆಚ್ಚು ಕೈ ಬರೆದೆವು. ಮೊದಲ ಹತ್ತು ಮತ್ತೆ ಬದನೆಕಾಯಿ. ಇಪ್ಪತ್ತು ದಾಟಿದ ಮೇಲೆ ಅಂಗೈ ಸಿಕ್ಕಿತು.

ಗೋಡೆಗೆ ಏರಿಸುವುದನ್ನು ಗೌಂಡಿಯವರಿಂದ ಕಲಿತೆವು. ಕಟ್ಟಡದಲ್ಲಿ ನೇರ ಗೆರೆ ಬೇಕಾದಾಗ ಅವರು ನೀಲಿ ಪುಡಿ ಹಚ್ಚಿದ ದಾರವನ್ನು ಇಬ್ಬರು ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಡುತ್ತಾರೆ. ಟಪ್ ಎಂದು ಗೆರೆ ಮೂಡುತ್ತದೆ. ಹಾಳೆಯ ಅಳತೆಯ ನಕ್ಷೆಯ ಮೇಲೆ 1 ಇಂಚಿನ ಮನೆ, ಗೋಡೆಯ ಮೇಲೆ 4 ಇಂಚಿನ ಮನೆ. 15 ಮನೆ ಅಗಲ, 22 ಮನೆ ಎತ್ತರ. ಹೀಗೆ ದೇವಿ 5 ಅಡಿ ಅಗಲ, 7 ಅಡಿ 4 ಇಂಚು ಎತ್ತರಕ್ಕೆ ಬಂದಳು. ಒಂದೊಂದು ಮನೆಯಲ್ಲಿ ಏನಿದೆಯೋ ಅಷ್ಟನ್ನೇ ಬರೆಯುತ್ತ ಹೋದರೆ ದೊಡ್ಡ ಚಿತ್ರದ ಭಯ ಇರುವುದಿಲ್ಲ. ಹುಡುಗರು ದಾರ ಹಿಡಿದರು.

ಮುಖವನ್ನು ಕಿರಿದು ಮಾಡಿದೆವು, ಕುತ್ತಿಗೆ ಕೊಟ್ಟೆವು, ಸೀರೆಯೊಳಗೆ ಮೊಣಕಾಲು ಕಾಣಿಸಿದೆವು. ಎರಡೂ ಕಣ್ಣು ಈಗ ಒಂದೇ ಕಡೆ ನೋಡುತ್ತವೆ. ಕೈ ವೈನಿಯದು. ಬೆರಳು ದಪ್ಪ, ಉಗುರು ಮೊಂಡು.

ಕೆಳಗಿನ ಸಾಲು

ಅಕ್ಟೋಬರ್ 31ರ ಸಂಜೆ ಹೆಡ್ ಮಾಸ್ತರರು ಬಂದು ನೋಡಿದರು. “ಎಲ್ಲಾ ಚಲೋ ಆಗೈತಿ. ಆದ್ರ ಹಳೀ ಕೈ ಇದಕ್ಕಿಂತ ಚಂದಿತ್ತಲ್ಲ?”

ಹೌದು ಎಂದೆವು. ಯಾಕೆ ಎಂದೂ ಹೇಳಿದೆವು. ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಮತ್ತ ಆ ಪ್ರೈಜು?” ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಸ್ಪರ್ಧೆಯಲ್ಲಿ ಎರಡನೇ ಸ್ಥಾನಕ್ಕೆ ಬಂದವರು ಯಾರು ಎಂದು ನಾವು ಇಷ್ಟು ವರ್ಷ ಕೇಳಿಯೇ ಇರಲಿಲ್ಲ. ಈಗ ಶಾಲೆಯ ಹಳೆಯ ಕಾಗದಗಳಲ್ಲಿ ಹುಡುಕಿದರೂ ಸಿಗಲಿಲ್ಲ. ಆ ಹುಡುಗನೋ ಹುಡುಗಿಯೋ ಇದನ್ನು ಓದಿದರೆ ನಮ್ಮ ತಪ್ಪು ಹೊಟ್ಟೆಗೆ ಹಾಕಿಕೊಳ್ಳಬೇಕು. ತಟ್ಟೆ ಬೇಕೆಂದರೆ ಅವ್ವನನ್ನು ಒಪ್ಪಿಸುತ್ತೇವೆ.

ಹಳೆಯ ಹಾಳೆಗೆ ಬೇವಿನ ಎಣ್ಣೆ ಸವರಿದ ಹೊಸ ಚೌಕಟ್ಟು ಹಾಕಿಸಿ ಮತ್ತೆ ಆಫೀಸ್ ಕೋಣೆಯಲ್ಲಿ ತೂಗುಹಾಕಿದ್ದೇವೆ. ಕೆಳಗೆ ಚೀಟಿ ಅಂಟಿಸಿದೆ: ಚಿತ್ರ ಇಂಥವರದು, ಬಲಗೈ ಇಂಥ ಮಾಸ್ತರರದು, 2006. ಗೋಡೆಯ ಚಿತ್ರದ ಕೆಳಗೂ ಬರೆದಿದ್ದೇವೆ: ಈ ರೂಪವನ್ನು ಮೊದಲು ಬರೆಸಿದವರು ಅಂದಾನಪ್ಪ ದೊಡ್ಡಮೇಟಿ, ಬರೆದವರು ಸಿ.ಎನ್. ಪಾಟೀಲ, 1953. ಅದರ ಕೆಳಗೆ ಮಾಸ್ತರರ ಹೆಸರು, ಕೈ ಹಿಡಿದು ಕೂತ ವೈನಿಯ ಹೆಸರು, ದಾರ ಹಿಡಿದ ಹುಡುಗರ ಹೆಸರು. ನಮ್ಮದು ಕೊನೆಗೆ. ಹೆಸರುಗಳಿಗೆ ಗೋಡೆಯ ಮೂರು ಸಾಲು ಬೇಕಾಯಿತು. ‘ನಾವು’ ಎಂದು ಬರೆಯುವ ರೂಢಿ ಇಲ್ಲಿ ಮಾತ್ರ ಸುಳ್ಳಾಗಲಿಲ್ಲ.

ರಾಜ್ಯೋತ್ಸವದ ದಿನ ಮಾಸ್ತರರಿಗೆ ಬರಲು ಆಗಲಿಲ್ಲ. ಫೋನಿನಲ್ಲಿ ಫೋಟೊ ಕಳಿಸಿದೆವು. ಎರಡು ದಿನ ಬಿಟ್ಟು ಅವರ ಮಗ ಫೋನ್ ಹಚ್ಚಿ ಕೊಟ್ಟರು. “ಕಿರುಬೆರಳು ಉದ್ದಾತು. ಉಳದದ್ದು ಅಡ್ಡಿ ಇಲ್ಲ” ಎಂದರು.

ಗೋಡೆಯ ಆ ಕೈ ಹುಡುಗರಿಗೆ ಎಟುಕುವ ಎತ್ತರದಲ್ಲಿದೆ. ಪ್ರಾರ್ಥನೆ ಮುಗಿದ ಮೇಲೆ ತಮ್ಮ ಅಂಗೈ ಅದಕ್ಕೆ ಹಚ್ಚಿ ಅಳೆದು ನೋಡುತ್ತಾರೆ. ಈಗಾಗಲೇ ಬಣ್ಣ ಮಾಸುತ್ತ ಬಂದಿದೆ, ಬೆರಳಿನ ಮೇಲೆಲ್ಲ ಸೀಮೆಸುಣ್ಣದ ಗುರುತು. ಯಾವಾಗಲಾದರೂ ಮತ್ತೆ ಬರೆಯಬೇಕಾಗುತ್ತದೆ. ಬರೆಯುವವರ ಹೆಸರಿಗೆಂದು ಕೆಳಗೆ ಒಂದು ಸಾಲು ಜಾಗ ಬಿಟ್ಟಿದ್ದೇವೆ.